ಫೆಲ್ಟ್ ಬಟ್ಟೆಯಲ್ಲಿ ಕಾಫಿ ಹಣ್ಣು, ಮೆಣಸಿನ ಗೊನೆ: ಕ್ರಿಸ್ಮಸ್ ಮರಕ್ಕೆ ಕೈಕಸೂತಿಯ ಅಲಂಕಾರ

ಕ್ರಿಸ್ಮಸ್ ಮರಕ್ಕೆ ತೂಗುಹಾಕುವ ಫೆಲ್ಟ್ ಅಲಂಕಾರಗಳ ನಮೂನೆ ಹುಡುಕಿದರೆ ಸಿಗುವುದೆಲ್ಲ ಹಿಮದ ಗೊಂಬೆ, ಹಿಮಸಾರಂಗ, ಉಣ್ಣೆಯ ಕೈಗವಸು. ಮಡಿಕೇರಿಯಲ್ಲೂ ಡಿಸೆಂಬರ್ ಚಳಿ ಜೋರೇ, ಮಂಜೂ ಕವಿಯುತ್ತದೆ. ಆದರೆ ನಮ್ಮ ತೋಟಕ್ಕೆ ನುಗ್ಗುವುದು ಹಿಮಸಾರಂಗ ಅಲ್ಲ, ಆನೆ. ಕ್ರಿಸ್ಮಸ್ ಹೊತ್ತಿಗೆ ಕೊಡಗಿನಲ್ಲಿ ಕಣ್ಣಿಗೆ ಬೀಳುವ ಕೆಂಪು-ಹಸಿರು ಯಾವುದು ಹೇಳಿ? ಅರೇಬಿಕಾ ಕಾಫಿ ಗಿಡದ ತುಂಬಾ ಹಣ್ಣು. ಅದನ್ನೇ ಹೊಲಿದರೆ ಬಣ್ಣಕ್ಕಾಗಿ ಬೇರೆಲ್ಲೂ ಹೋಗಬೇಕಿಲ್ಲ.

ಕ್ರಿಸ್ಮಸ್ ನಮ್ಮಲ್ಲಿ ನಿನ್ನೆ ಮೊನ್ನೆ ಬಂದ ಹಬ್ಬವೂ ಅಲ್ಲ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ ಶುರುವಾದದ್ದು 1792ರಲ್ಲಿ, ಕೊಡಗಿನ ರಾಜ ದೊಡ್ಡವೀರರಾಜೇಂದ್ರನ ಕಾಲದಲ್ಲಿ. ಮನೆ ಮುಂದೆ ನಕ್ಷತ್ರ, ಒಳಗೆ ಗೋದಲಿ ಇಡುವವರು ಊರೂರಲ್ಲೂ ಇದ್ದಾರೆ. ಅಂಗಡಿಯ ಪ್ಲಾಸ್ಟಿಕ್ ಗುಂಡುಗಳ ಜೊತೆ ಕೈಯಲ್ಲಿ ಹೊಲಿದ ನಾಲ್ಕು ಅಲಂಕಾರ ಸೇರಿದರೂ ಸಾಕು, ಮರದ ಕಳೆಯೇ ಬೇರೆ.

ಯಾವಾಗ ಶುರು ಮಾಡಬೇಕು ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಡಿಸೆಂಬರ್‌ನಲ್ಲಂತೂ ಬೇಡ. ಸುಗ್ಗಿ ಹಬ್ಬ ಹುತ್ತರಿ, ಅದರ ಬೆನ್ನಿಗೇ ಕಾಫಿ ಕೊಯ್ಲು, ಕಣದಲ್ಲಿ ಒಣಗಿಸುವ ಗಡಿಬಿಡಿ. ಆಗ ತೋಟದ ಮನೆಯಲ್ಲಿ ಯಾರ ಕೈಯೂ ಖಾಲಿ ಇರುವುದಿಲ್ಲ. ಜುಲೈ-ಆಗಸ್ಟ್ ಮಳೆಯಲ್ಲಿ ಹೊರಗೆ ಕಾಲಿಡಲಾಗದ ದಿನಗಳೇ ಕಸೂತಿಗೆ ಸರಿ. ಕರೆಂಟ್ ಹೋಗುತ್ತಿರುತ್ತದೆ, ನಿಜ. ಅದಕ್ಕೇ ಕಪ್ಪು, ಕಡುಹಸಿರು ಬಟ್ಟೆಯ ಕೆಲಸವನ್ನು ಬೆಳಗಿನ ಹೊತ್ತು ಕಿಟಕಿ ಪಕ್ಕ ಮುಗಿಸಿ, ತಿಳಿ ಬಣ್ಣದ್ದನ್ನು ಸಂಜೆಗೆ ಇಟ್ಟುಕೊಳ್ಳಿ.

ಬಟ್ಟೆ, ದಾರ, ಸೂಜಿ

ಫೆಲ್ಟ್ ನೇಯ್ದ ಬಟ್ಟೆಯಲ್ಲ. ಉಣ್ಣೆಯ ಎಳೆಗಳ ಮೇಲೆ ಸಣ್ಣ ಹುರುಪೆಗಳಿರುತ್ತವೆ. ಬಿಸಿ, ತೇವ, ತಿಕ್ಕಾಟ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿ ಹಾಳೆಯಾಗುತ್ತವೆ. ಹಾಸು-ಹೊಕ್ಕು ಇಲ್ಲದ ಕಾರಣ ಎಲ್ಲಿ ಕತ್ತರಿಸಿದರೂ ನೂಲು ಬಿಚ್ಚುವುದಿಲ್ಲ, ಅಂಚು ಮಡಚಿ ಹೊಲಿಯುವ ರಗಳೆಯೂ ಇಲ್ಲ. ಹೊಸಬರಿಗೆ ಇದಕ್ಕಿಂತ ಸುಲಭದ ಬಟ್ಟೆ ಸಿಗಲಿಕ್ಕಿಲ್ಲ.

ಸ್ಟೇಷನರಿ ಅಂಗಡಿಗಳಲ್ಲಿ ಸಿಗುವ ಎ4 ಅಳತೆಯ ಹಾಳೆಗಳು ಹೆಚ್ಚಾಗಿ ಪಾಲಿಯೆಸ್ಟರ್ ಅಥವಾ ಅಕ್ರಿಲಿಕ್. ಕಲಿಯಲು ಅವೇ ಸಾಕು. ಕೊಳ್ಳುವಾಗ ಎರಡು ವಿಷಯ ನೋಡಿ. ಒಂದು, ಹಾಳೆಯನ್ನು ಬೆಳಕಿಗೆ ಹಿಡಿದರೆ ಅಲ್ಲಲ್ಲಿ ತೆಳುವಾಗಿ ಬೆಳಕು ತೂರಬಾರದು. ಇನ್ನೊಂದು, ಬೆರಳಿಂದ ನಾಲ್ಕು ಸಲ ಉಜ್ಜಿದಾಗ ಗುಂಜು ಏಳಬಾರದು. ರಟ್ಟಿನ ಹಾಗೆ ಸೆಟೆದು ನಿಲ್ಲುವ ಗಟ್ಟಿ ಫೆಲ್ಟ್ ಕೂಡ ಮಾರುತ್ತಾರೆ. ಅದು ಶಾಲೆಯ ಪ್ರಾಜೆಕ್ಟ್‌ಗೆ ಸರಿ, ಕಸೂತಿಗೆ ಬೇಡ, ಸೂಜಿ ಎಳೆದು ಎಳೆದು ಬೆರಳು ನೋಯುತ್ತದೆ. ದಪ್ಪ 1ರಿಂದ 1.5 ಮಿ.ಮೀ. ಇದ್ದರೆ ಒಳ್ಳೆಯದು. ಉಣ್ಣೆಯ ಫೆಲ್ಟ್ ಅಥವಾ ಉಣ್ಣೆ ಬೆರೆತ ಫೆಲ್ಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ದುಡ್ಡು ಜಾಸ್ತಿ. ಆದರೆ ಹೊಲಿಗೆ ಅದರಲ್ಲಿ ಕೂರುವ ರೀತಿಯೇ ಬೇರೆ. ದಾರ ಬಟ್ಟೆಯೊಳಗೆ ಸ್ವಲ್ಪ ಮುಳುಗಿ ನಿಲ್ಲುತ್ತದೆ. ಒಂದೆರಡು ಅಲಂಕಾರ ಮಾಡಿ ಕೈ ಕುದುರಿದ ಮೇಲೆ ಅದಕ್ಕೆ ಖರ್ಚು ಮಾಡಿ.

ದಾರ ಮಾಮೂಲಿ ಕಸೂತಿಯ ಕಾಟನ್ ದಾರವೇ: ಆಂಕರ್ ಅಥವಾ ಡಿಎಂಸಿ ಕಂಪನಿಯದು. ಒಂದು ಲಡಿಯಲ್ಲಿ 8 ಮೀಟರ್, ಅದರಲ್ಲಿ 6 ಎಳೆ. ಕೆಂಪು, ಹಳದಿ, ಎರಡು ಹಸಿರು, ಕಂದು, ಬಿಳಿ, ಹೀಗೆ ಆರು ಬಣ್ಣವಿದ್ದರೆ ಈ ಬರಹದ ಎಲ್ಲ ನಮೂನೆಯೂ ಆಗುತ್ತದೆ. ದಾರವನ್ನು 45 ಸೆಂ.ಮೀ.ಗಿಂತ ಉದ್ದ ಕತ್ತರಿಸಬೇಡಿ. ಪ್ರತಿ ಸಲ ಸೂಜಿ ತೂರಿದಾಗಲೂ ಫೆಲ್ಟ್ ದಾರವನ್ನು ಉಜ್ಜುತ್ತದೆ, ಉದ್ದ ದಾರ ಕೊನೆಯ ಹೊತ್ತಿಗೆ ನಾರಾಗಿರುತ್ತದೆ. ಅಂಚಿಗೆ ಮಾತ್ರ ಸ್ವಲ್ಪ ಉದ್ದ ಬೇಕು, ಅಲ್ಲಿಗೆ ಬಂದಾಗ ಹೇಳುತ್ತೇನೆ. ಎಳೆ ಬೇರೆ ಮಾಡುವಾಗ ಒಂದೊಂದೇ ಎಳೆಯನ್ನು ನೇರ ಮೇಲಕ್ಕೆ ಎಳೆದು ತೆಗೆದು, ಆಮೇಲೆ ಬೇಕಾದಷ್ಟನ್ನು ಜೋಡಿಸಿ. ಎರಡು ಎಳೆಯನ್ನು ಒಟ್ಟಿಗೆ ಕಿತ್ತರೆ ಖಂಡಿತ ಗಂಟು.

ಸೂಜಿ 7ರಿಂದ 9ನೇ ನಂಬರಿನ ಕಸೂತಿ ಸೂಜಿ. ನಂಬರ್ ಜಾಸ್ತಿಯಾದಷ್ಟೂ ಸೂಜಿ ಸಣ್ಣ. ಚೂಪು ತುದಿಯ ಪುಟ್ಟ ಕತ್ತರಿ ಒಂದು, ಕಾಗದಕ್ಕೆ ಬಳಸದ ದೊಡ್ಡ ಕತ್ತರಿ ಒಂದು. ಬಟ್ಟೆಯನ್ನು ಬಿಗಿದು ಹಿಡಿಯುವ ಕಸೂತಿ ರಿಂಗ್ ಬೇಕಾಗಿಲ್ಲ, ಫೆಲ್ಟ್ ತಾನೇ ಗಟ್ಟಿಯಿದೆ. ಬಿಗಿಯಾಗಿ ಹಾಕಿದರೆ ಅದರ ಗುರುತು ಬಟ್ಟೆ ಮೇಲೆ ಉಳಿಯುವುದೂ ಉಂಟು.

ಕಸೂತಿ ಮೊದಲು, ಕತ್ತರಿ ಆಮೇಲೆ

ಎಲ್ಲರೂ ಮಾಡುವುದು ಇದರ ಉಲ್ಟಾ. ಮೊದಲು ಚಂದಕ್ಕೆ ದುಂಡಗೆ ಕತ್ತರಿಸಿಕೊಂಡು, ಆ ಪುಟ್ಟ ಬಿಲ್ಲೆಯನ್ನು ಬೆರಳಲ್ಲಿ ಹಿಡಿದು ಕಸೂತಿ ಹಾಕುತ್ತಾರೆ. ಹೊಲಿಯುತ್ತ ಹೋದ ಹಾಗೆ ಅಂಚು ಜಗ್ಗುತ್ತದೆ, ವೃತ್ತ ಮೊಟ್ಟೆಯಾಕಾರ ಆಗುತ್ತದೆ. ಹಿಂದಿನ ತುಂಡಿನ ಜೊತೆ ಇಟ್ಟರೆ ಎರಡೂ ಹೊಂದುವುದೇ ಇಲ್ಲ. ಹಾಗಾಗಿ ಹಾಳೆಯ ಮೇಲೆ ವೃತ್ತ ಬರೆದುಕೊಂಡು, ಕಸೂತಿ ಪೂರ್ತಿ ಮುಗಿಸಿ, ಆಮೇಲೇ ಕತ್ತರಿಸಿ.

ವೃತ್ತದ ಅಗಲ 8 ಸೆಂ.ಮೀ. ಇರಲಿ. ಸುತ್ತ ಜಾಗ ಬಿಟ್ಟು ಬರೆದರೂ ಒಂದು ಎ4 ಹಾಳೆಯಲ್ಲಿ ಆರು ವೃತ್ತ ಹಿಡಿಸುತ್ತವೆ. ಹಿಂದೆ-ಮುಂದೆ ಒಂದೇ ಬಣ್ಣವಾದರೆ ಹಾಳೆಗೆ ಮೂರು ಅಲಂಕಾರ.

ನಮೂನೆಯನ್ನು ಫೆಲ್ಟ್ ಮೇಲೆ ಇಳಿಸುವುದು ಸ್ವಲ್ಪ ತಲೆನೋವಿನ ಕೆಲಸ. ಪೆನ್ಸಿಲ್ ಗೆರೆ ನಿಲ್ಲುವುದಿಲ್ಲ, ಕಾರ್ಬನ್ ಪೇಪರ್ ಮೆತ್ತಿಕೊಳ್ಳುತ್ತದೆ. ನೀರಲ್ಲಿ ಕರಗುವ ಹಾಳೆ ಸಿಗುತ್ತದೆ, ಒಳ್ಳೆಯದೇ. ಆದರೆ ಕೊನೆಗೆ ನೆನೆಸಬೇಕು, ಮಳೆಗಾಲದಲ್ಲಿ ನೆನೆದ ಫೆಲ್ಟ್ ಒಣಗುವ ಹೊತ್ತಿಗೆ ಮುಗ್ಗುಲು ವಾಸನೆ ಬಂದಿರುತ್ತದೆ. ಬಿಸಿ ಮಾಡಿದರೆ ಅಳಿಯುವ ಪೆನ್ನು ಬಳಸುವವರೂ ಇದ್ದಾರೆ. ಕಡು ಬಣ್ಣದ ಬಟ್ಟೆಯಲ್ಲಿ ಅದರ ಬಿಳಿ ಗುರುತು ಉಳಿದುಬಿಡಬಹುದು, ಮತ್ತೆ ಅಳಿಸಲು ಇಸ್ತ್ರಿ ಮುಟ್ಟಿಸಿದರೆ ಅಕ್ರಿಲಿಕ್ ಫೆಲ್ಟ್ ಕರಗುವ ಭಯ.

ನನಗೆ ಇಷ್ಟವಾದದ್ದು ಟಿಶ್ಯೂ ಪೇಪರ್. ಹೊಸ ಚಪ್ಪಲಿ ಡಬ್ಬಿಯಲ್ಲೋ ಸೀರೆ ಮಡಿಕೆಯಲ್ಲೋ ಬರುವ ತೆಳು ಕಾಗದ ಇದೆಯಲ್ಲ, ಅದೇ. ಅದರ ಮೇಲೆ ಪೆನ್ನಿನಿಂದ ನಮೂನೆ ಬರೆದು, ಶಾಯಿ ಪೂರ್ತಿ ಒಣಗಿದ ಮೇಲೆ ಫೆಲ್ಟ್ ಮೇಲಿಟ್ಟು, ನಾಲ್ಕೂ ಕಡೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ. ಕಾಗದದ ಮೇಲೆಯೇ ಕಸೂತಿ ಮಾಡಿ. ಮುಗಿದ ಮೇಲೆ ಕಾಗದವನ್ನು ಹೊಲಿಗೆಯ ಎರಡೂ ಬದಿಯಿಂದ ನಿಧಾನಕ್ಕೆ ಹರಿಯಿರಿ, ಸಿಕ್ಕಿಕೊಂಡ ಚೂರುಗಳನ್ನು ಚಿಮಟದಲ್ಲಿ ಕೀಳಿ. ಪೆನ್ಸಿಲ್ ಬಳಸಬೇಡಿ. ಅದರ ಪುಡಿ ದಾರಕ್ಕೆ ಹತ್ತಿ ಬಿಳಿ-ಹಳದಿ ಬಣ್ಣ ಮಂಕಾಗುತ್ತದೆ.

ಕಾಫಿ ಕೊಂಬೆ

ಮೊದಲು ತೋಟಕ್ಕೆ ಹೋಗಿ ಒಂದು ರೆಕ್ಕೆ, ಅಂದರೆ ಕಾಫಿ ಗಿಡದ ಪಕ್ಕದ ಕೊಂಬೆ, ಕೈಯಲ್ಲಿ ಹಿಡಿದು ನೋಡಿ. ಎಲೆಗಳು ಎದುರುಬದುರಾಗಿ ಜೋಡಿಯಾಗಿ ಬರುತ್ತವೆ, ತುದಿ ಚೂಪು, ಅಂಚು ಅಲೆಅಲೆ. ಹಣ್ಣು ತುದಿಯಲ್ಲಿ ತೂಗುವುದಿಲ್ಲ. ಎಲೆಜೋಡಿ ಹುಟ್ಟುವ ಗಿಣ್ಣಿನಲ್ಲೇ ಕೊಂಬೆಗೆ ಅಂಟಿಕೊಂಡು ಗೊಂಚಲು ಕೂತಿರುತ್ತದೆ. ಪ್ರತಿ ಹಣ್ಣಿನ ತುದಿಯಲ್ಲೂ ಹೊಕ್ಕುಳಿನಂಥ ಒಂದು ಸಣ್ಣ ದುಂಡು ಗುರುತು. ಒಂದೇ ಗೊಂಚಲಲ್ಲಿ ಹಸಿರು ಕಾಯಿ, ಹಳದಿಗೆ ತಿರುಗಿದ್ದು, ಕೆಂಪು ಹಣ್ಣು ಮೂರೂ ಇರುತ್ತವೆ, ಏಕೆಂದರೆ ಎಲ್ಲವೂ ಒಟ್ಟಿಗೆ ಹಣ್ಣಾಗುವುದಿಲ್ಲ. ಈ ವಿವರಗಳೇ ಅದನ್ನು ಕಾಫಿ ಮಾಡುವುದು. ಇಲ್ಲದಿದ್ದರೆ ನೋಡಿದವರು ಚೆರ್ರಿ ಅಂದುಕೊಳ್ಳುತ್ತಾರೆ. ಇನ್ನೊಂದು ಮಾತು: ಹಣ್ಣಿನ ಜೊತೆ ಬಿಳಿ ಹೂವನ್ನೂ ಹೊಲಿಯುವ ಆಸೆಯಾಗಬಹುದು. ಕಾಫಿ ಹೂ ಬಿಡುವುದು ಹಣ್ಣು ಕೊಯ್ದ ಮೇಲೆ, ಫೆಬ್ರವರಿ-ಮಾರ್ಚ್‌ನ ಹೂಮಳೆಗೆ. ಹಣ್ಣಿನ ಗೊಂಚಲ ಪಕ್ಕ ಹೂ ಹೊಲಿದರೆ ತೋಟದವರು ಸುಮ್ನೆ ಬಿಡುವುದಿಲ್ಲ.

ಕೆನೆಬಿಳಿ ಅಥವಾ ಕಡುಹಸಿರು ಫೆಲ್ಟ್ ಈ ನಮೂನೆಗೆ ಚೆನ್ನ. ಹೊಲಿಯುವ ಕ್ರಮ ಹೀಗಿರಲಿ: ಕೊಂಬೆ, ಎಲೆ, ಕೊನೆಗೆ ಹಣ್ಣು. ಹಣ್ಣು ಎಲ್ಲಕ್ಕಿಂತ ಮೇಲೆ ಕೂರಬೇಕು.

ಕೊಂಬೆಗೆ ಕಂದು ದಾರದ 3 ಎಳೆ, ಸ್ಟೆಮ್ ಸ್ಟಿಚ್ (ಒಂದಕ್ಕೊಂದು ಒರಗಿಕೊಂಡು ಹಗ್ಗದ ಹಾಗೆ ಸಾಗುವ ಹೊಲಿಗೆ). ಸ್ವಲ್ಪ ಬಾಗಿದ ಗೆರೆ, ಸುಮಾರು 5 ಸೆಂ.ಮೀ.

ಎಲೆ ಒಂದೊಂದೂ 2.5 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲ. ಇದಕ್ಕೆ ಫಿಶ್‌ಬೋನ್ ಸ್ಟಿಚ್, 2 ಎಳೆ. ಎಲೆಯ ತುದಿಯಲ್ಲಿ ನಡುಗೆರೆಯ ಮೇಲೆ 5 ಮಿ.ಮೀ. ನೇರ ಹೊಲಿಗೆ ಒಂದು ಹಾಕಿ. ಆಮೇಲೆ ಎಡ ಅಂಚಿನಿಂದ ಸೂಜಿ ಮೇಲೆ ತಂದು, ನಡುಗೆರೆಯನ್ನು ಕೂದಲೆಳೆಯಷ್ಟು ದಾಟಿ ಕೆಳಗೆ ಇಳಿಸಿ. ಮುಂದಿನದು ಬಲ ಅಂಚಿನಿಂದ. ಹೀಗೆ ಎಡ-ಬಲ, ಎಡ-ಬಲ. ಪ್ರತಿ ಹೊಲಿಗೆ ನಡುಗೆರೆ ದಾಟುವುದರಿಂದ ಅಲ್ಲಿ ಜಡೆ ಹೆಣೆದಂತೆ ನರ ತಾನಾಗಿ ಮೂಡುತ್ತದೆ. ಹೊಲಿಗೆ ಓರೆಯಾಗಿರಬೇಕು. ಅಡ್ಡಡ್ಡ ಆಗುತ್ತಿದೆ ಅನ್ನಿಸಿದರೆ ಅಂಚಿನ ತೂತನ್ನು ಸ್ವಲ್ಪ ತುದಿಯ ಕಡೆಗೆ ಸರಿಸಿ. ಜೋಡಿಯಲ್ಲಿ ಒಂದು ಎಲೆಗೆ ಕಡುಹಸಿರು, ಇನ್ನೊಂದಕ್ಕೆ ತಿಳಿಹಸಿರು ಬಳಸಿದರೆ ಕಾಫಿ ಎಲೆಯ ಹೊಳಪು ಬಂದ ಹಾಗೆ ಕಾಣುತ್ತದೆ.

ಹಣ್ಣು 6-7 ಮಿ.ಮೀ. ಇರಲಿ, ತುಸು ಉದ್ದುಂಡು. ಮೊದಲು 1 ಎಳೆಯಲ್ಲಿ ಸುತ್ತ ಸಣ್ಣ ಬ್ಯಾಕ್ ಸ್ಟಿಚ್ (ಪ್ರತಿ ಸಲ ಹಿಂದಕ್ಕೆ ಬಂದು ಸಂದು ಬಿಡದೆ ಹಾಕುವ ಹೊಲಿಗೆ) ಹಾಕಿ. ಆಮೇಲೆ 2 ಎಳೆಯಲ್ಲಿ ಆ ಗೆರೆಯನ್ನೂ ಮುಚ್ಚುವಂತೆ ಸ್ಯಾಟಿನ್ ಸ್ಟಿಚ್ (ಪಕ್ಕಪಕ್ಕದಲ್ಲೇ ಒತ್ತಾಗಿ ಹಾಕುವ ನೇರ ಹೊಲಿಗೆ) ತುಂಬಿ. ಕೆಳಗಿನ ಬ್ಯಾಕ್ ಸ್ಟಿಚ್ ಅಂಚನ್ನು ಎತ್ತಿ ಹಿಡಿಯುತ್ತದೆ, ಹಣ್ಣು ಚಪ್ಪಟೆಯಾಗಿ ಮಲಗುವುದಿಲ್ಲ. ತುಂಬುವುದನ್ನು ನಡುವಿನಿಂದ ಶುರು ಮಾಡಿ ಒಂದು ಬದಿ ಮುಗಿಸಿ, ಮತ್ತೆ ನಡುವಿಗೆ ಬಂದು ಇನ್ನೊಂದು ಬದಿ. ಒಂದು ಕೊನೆಯಿಂದ ಹೊರಟರೆ ದುಂಡು ಸೊಟ್ಟಗಾಗುತ್ತದೆ. ಎಲ್ಲ ಹಣ್ಣಿನ ಹೊಲಿಗೆಯೂ ಒಂದೇ ದಿಕ್ಕಿಗೆ ಇರಬೇಕಿಲ್ಲ. ಪಕ್ಕಪಕ್ಕದ ಹಣ್ಣುಗಳ ದಿಕ್ಕು ಬೇರೆಯಾದರೆ ಬೆಳಕು ಬೇರೆ ಬೇರೆ ಥರ ಬಿದ್ದು ಗೊಂಚಲು ಎದ್ದು ಕಾಣುತ್ತದೆ. ಗಿಣ್ಣಿಗೆ ಐದಾರು ಹಣ್ಣು ಸಾಕು. ಅದರಲ್ಲಿ ಒಂದು ಹಸಿರು, ಒಂದು ಹಳದಿ, ಉಳಿದದ್ದು ಕೆಂಪು. ತುದಿಯ ಹೊಕ್ಕುಳಿಗೆ ಕಂದು ದಾರದ 1 ಎಳೆಯಲ್ಲಿ ಒಂದೇ ಸುತ್ತಿನ ಫ್ರೆಂಚ್ ನಾಟ್ (ಸೂಜಿಗೆ ದಾರ ಸುತ್ತಿ ಹಾಕುವ ಗಂಟು).

ಒಂದು ಎಚ್ಚರಿಕೆ: ದಾರವನ್ನು ಬಿಗಿಯಾಗಿ ಎಳೆಯಬೇಡಿ. ಫೆಲ್ಟ್ ಮೆತ್ತಗೆ, ಎಳೆದಷ್ಟೂ ಕುಗ್ಗುತ್ತದೆ. ದಾರ ಬಟ್ಟೆಗೆ ಮುಟ್ಟಿ ಕೂತರೆ ಸಾಕು. ಹಿಂದಿನ ಗಂಟುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಹಿಂದೆ ಇನ್ನೊಂದು ತುಂಡು ಬಂದು ಎಲ್ಲವನ್ನೂ ಮುಚ್ಚುತ್ತದೆ. ಆದರೆ ಬಿಳಿ ಫೆಲ್ಟ್‌ನಲ್ಲಿ ಕೆಂಪು ದಾರವನ್ನು ಒಂದು ಗೊಂಚಲಿಂದ ಇನ್ನೊಂದಕ್ಕೆ ಹಿಂದಿನಿಂದ ಎಳೆದುಕೊಂಡು ಹೋದರೆ ಮುಂದೆ ನೆರಳು ಕಾಣಬಹುದು. ಕತ್ತರಿಸಿ ಮತ್ತೆ ಶುರು ಮಾಡಿ.

ಮೆಣಸಿನ ಗೊನೆ, ಕಿತ್ತಳೆ

ಫ್ರೆಂಚ್ ನಾಟ್ ಕಲಿಯಲು ಕಾಳುಮೆಣಸಿನ ಗೊನೆಗಿಂತ ಒಳ್ಳೆಯ ನಮೂನೆ ಇಲ್ಲ. ಒಂದೆರಡು ಗಂಟು ದೊಡ್ಡ-ಚಿಕ್ಕದಾದರೂ ನಿಜವಾದ ಗೊನೆ ಇರುವುದೇ ಹಾಗೆ. 4 ಸೆಂ.ಮೀ. ಉದ್ದದ ನಡುಕಡ್ಡಿ ಹೊಲಿದು, ಅದರ ಎರಡೂ ಬದಿ 3 ಎಳೆಯ ಹಸಿರು ದಾರದಲ್ಲಿ ಎರಡು ಸುತ್ತಿನ ಗಂಟುಗಳನ್ನು ಒತ್ತೊತ್ತಾಗಿ ಹಾಕಿ. ಸೂಜಿಗೆ ದಾರ ಸುತ್ತಿದ ಮೇಲೆ ಹೊರಬಂದ ತೂತಿಗೇ ವಾಪಸ್ ಇಳಿಸಬೇಡಿ, ಮೆತ್ತನೆಯ ಫೆಲ್ಟ್‌ನಲ್ಲಿ ಗಂಟು ತೂತಿನೊಳಗೆ ಜಾರಿ ಮಾಯವಾಗುತ್ತದೆ. 1 ಮಿ.ಮೀ. ಪಕ್ಕಕ್ಕೆ ಇಳಿಸಿ, ದಾರ ಪೂರ್ತಿ ಒಳಹೋಗುವವರೆಗೂ ಎಡಗೈಯಲ್ಲಿ ಅದನ್ನು ಎಳೆದು ಹಿಡಿದಿರಿ. ಗೊನೆಯಲ್ಲಿ ಒಂದೆರಡು ಕಾಳು ಕೆಂಪಾದಾಗಲೇ ಮೆಣಸು ಕೊಯ್ಯುವುದಲ್ವಾ? ಹಾಗೆ ಎರಡೇ ಎರಡು ಗಂಟು ಕೆಂಪು ಹಾಕಿ. ಎಲೆಗೆ ವೀಳ್ಯದೆಲೆಯ ಆಕಾರ, ಬುಡದಿಂದ ಹೊರಡುವ ಐದು ನರ. ಅಷ್ಟನ್ನೂ ತುಂಬುವ ಬದಲು ಹಸಿರು ಫೆಲ್ಟ್ ಚೂರನ್ನೇ ಎಲೆಯಾಗಿ ಕತ್ತರಿಸಿ ಅಂಟಿಸಿದ ಹಾಗೆ ಹೊಲಿದು, ನರಗಳನ್ನು ಮಾತ್ರ ಬ್ಯಾಕ್ ಸ್ಟಿಚ್‌ನಲ್ಲಿ ಹಾಕಿದರೆ ಬೇಗ ಮುಗಿಯುತ್ತದೆ.

ಮಕ್ಕಳಿಗೆ ಕಿತ್ತಳೆ ಕೊಡಿ. ಇಡೀ ವೃತ್ತವೇ ಹಣ್ಣು. ತೊಟ್ಟಿನ ಜಾಗದಲ್ಲಿ ಹಸಿರು ದಾರದ ಪುಟ್ಟ ನಕ್ಷತ್ರ, ಅಲ್ಲಲ್ಲಿ ಚುಕ್ಕಿಯಂಥ ಹೊಲಿಗೆ, ಒಂದು ಲೇಜಿ ಡೈಸಿ ಎಲೆ (ದಾರದ ಕುಣಿಕೆಯ ತುದಿಯನ್ನು ಸಣ್ಣ ಹೊಲಿಗೆಯಿಂದ ಹಿಡಿಸಿದ್ದು). ಫೆಲ್ಟ್ ಬಣ್ಣ ಮಾತ್ರ ನೋಡಿ ಆರಿಸಿ: ಕೊಡಗಿನ ಕಿತ್ತಳೆ ಹಣ್ಣಾದರೂ ಸಿಪ್ಪೆಯಲ್ಲಿ ಹಸಿರು-ಹಳದಿ ಛಾಯೆ ಉಳಿದಿರುತ್ತದೆ, ನಾಗಪುರದ್ದರ ಹಾಗೆ ಕೆಂಡದ ಬಣ್ಣವಲ್ಲ.

ಕತ್ತರಿಸುವುದು

ಕಸೂತಿಯಾದ ಮುಂಭಾಗವನ್ನು ಗೆರೆಯ ಒಳಗಿನಿಂದಲೇ ಕತ್ತರಿಸಿ, ಗೆರೆ ಬಟ್ಟೆಯಲ್ಲಿ ಉಳಿಯಬಾರದು. ಕತ್ತರಿಯನ್ನು ಒಂದೇ ಕಡೆ ಹಿಡಿದು ಬಟ್ಟೆಯನ್ನು ತಿರುಗಿಸುತ್ತ ಹೋಗಿ. ಹಿಂಭಾಗಕ್ಕೆ ಮತ್ತೆ ವೃತ್ತ ಬರೆಯಬೇಡಿ. ಮುಂಭಾಗವನ್ನೇ ಇನ್ನೊಂದು ಫೆಲ್ಟ್ ಮೇಲಿಟ್ಟು ಪಿನ್ ಹಾಕಿ, ಅದನ್ನೇ ಅಳತೆ ಮಾಡಿಕೊಂಡು ಕತ್ತರಿಸಿ. ಆಗ ಹೊಲಿಯುವಾಗ ಸ್ವಲ್ಪ ಸೊಟ್ಟಾಗಿದ್ದರೂ ಎರಡೂ ಒಂದೇ ಥರ ಸೊಟ್ಟಾಗಿರುತ್ತವೆ, ಯಾರಿಗೂ ಗೊತ್ತಾಗುವುದಿಲ್ಲ.

ಅಂಚು

ಕಸೂತಿ ಎಷ್ಟೇ ಚೆನ್ನಾಗಿರಲಿ, ಅಂಚು ಏರುಪೇರಾದರೆ ಅಲಂಕಾರ ಕಚ್ಚಾ ಕಾಣುತ್ತದೆ. ಅಂಚು ಸಮವಾಗಿದ್ದರೆ ಸಾಧಾರಣ ಕಸೂತಿಯೂ ಅಂಗಡಿಯದರ ಹಾಗೆ ಕಾಣುತ್ತದೆ. ಆದ್ದರಿಂದ ಇಲ್ಲಿ ಅವಸರ ಬೇಡ.

ತೂಗುದಾರವನ್ನು ಈಗಲೇ ಇಡಬೇಕು. 16 ಸೆಂ.ಮೀ. ಉದ್ದದ ಸಣ್ಣ ರಿಬ್ಬನ್ ಅಥವಾ ಆರೂ ಎಳೆಯ ದಾರವನ್ನು ಮಡಚಿ, ತುದಿ 1 ಸೆಂ.ಮೀ. ಒಳಗೆ ಬರುವಂತೆ ಎರಡು ಪದರದ ನಡುವೆ ಇಟ್ಟು, ಹಿಂಭಾಗದ ತುಂಡಿಗೆ ಮಾತ್ರ ನಾಲ್ಕು ಹೊಲಿಗೆ ಹಾಕಿ. ಅದಕ್ಕೂ ಮೊದಲು ಮೇಲ್ಭಾಗಕ್ಕೆ ಸೂಜಿ ಚುಚ್ಚಿ ಒಮ್ಮೆ ತೂಗಿಸಿ ನೋಡಿ, ಕೊಂಬೆ ನಿಮಗೆ ಬೇಕಾದ ವಾಲಿಕೆಯಲ್ಲಿದೆಯಾ ಅಂತ.

ಇನ್ನು ಬ್ಲಾಂಕೆಟ್ ಸ್ಟಿಚ್. 8 ಸೆಂ.ಮೀ. ವೃತ್ತದ ಸುತ್ತಳತೆ ಸುಮಾರು 25 ಸೆಂ.ಮೀ. ಈ ಹೊಲಿಗೆಗೆ ಅದರ ನಾಲ್ಕೈದು ಪಟ್ಟು ದಾರ ಬೇಕು, ಅಂದರೆ ಒಂದೂಕಾಲು ಮೀಟರ್. ಅದನ್ನು ಎರಡು ತುಂಡು ಮಾಡಿಕೊಳ್ಳಿ, 2 ಎಳೆ. ಗಂಟನ್ನು ಎರಡು ಪದರದ ನಡುವೆ ಬಚ್ಚಿಟ್ಟು, ಸೂಜಿಯನ್ನು ಮುಂಭಾಗದಿಂದ ಅಂಚಿಗೆ 4 ಮಿ.ಮೀ. ಒಳಗೆ ಹೊರತನ್ನಿ. ದಾರವನ್ನು ಅಂಚಿನ ಸುತ್ತ ಹಿಂದಕ್ಕೆ ತಂದು, ಅದೇ ತೂತಿನಲ್ಲಿ ಹಿಂದಿನಿಂದ ಮುಂದಕ್ಕೆ ತೂರಿಸಿ. ಅಂಚಿನ ಮೇಲೆ ಒಂದು ಕುಣಿಕೆ ಬಿತ್ತು. ಆ ಕುಣಿಕೆಯ ಕೆಳಗೆ ಸೂಜಿ ತೂರಿಸಿ ಎಳೆದರೆ ಮೊದಲ ಹೊಲಿಗೆ ನೆಟ್ಟಗೆ ನಿಂತಿತು. ಮುಂದಿನದಕ್ಕೆ 3 ಮಿ.ಮೀ. ಪಕ್ಕದಲ್ಲಿ, ಅಷ್ಟೇ ಆಳದಲ್ಲಿ ಮುಂದಿನಿಂದ ಹಿಂದಕ್ಕೆ ಚುಚ್ಚಿ, ಸೂಜಿ ಹೊರಬರುವಾಗ ದಾರ ಸೂಜಿಯ ಕೆಳಗೆ ಇರುವಂತೆ ನೋಡಿಕೊಳ್ಳಿ.

ಎಳೆಯುವ ದಿಕ್ಕು ಮುಖ್ಯ. ಮೇಲಕ್ಕೆ, ನಿಮ್ಮ ಕಡೆಗೆ ಎಳೆದರೆ ಅಂಚಿನ ಗೆರೆ ಮುಂಭಾಗದ ಮೇಲೆ ಹತ್ತಿ ಕೂರುತ್ತದೆ. ಅಂಚಿನಿಂದ ಹೊರಕ್ಕೆ, ಬಟ್ಟೆಯ ಮಟ್ಟದಲ್ಲೇ ಎಳೆದರೆ ಗೆರೆ ಎರಡು ಪದರದ ಸಂದಿಯಲ್ಲಿ ಸರಿಯಾಗಿ ಕೂರುತ್ತದೆ. ಹೆಬ್ಬೆರಳ ಉಗುರಿನ ಮೇಲೆ 3 ಮಿ.ಮೀ. ಅಂತರಕ್ಕೆ ಪೆನ್ನಿನಲ್ಲಿ ಎರಡು ಗೆರೆ ಹಾಕಿಕೊಂಡರೆ ಅಳತೆಪಟ್ಟಿ ಬೇಡ.

ನಡುವೆ ದಾರ ಮುಗಿದರೆ ಗಾಬರಿ ಬೇಡ. ಹಳೆ ದಾರವನ್ನು ಪದರಗಳ ನಡುವೆ ಇಳಿಸಿ, ಒಳಭಾಗಕ್ಕೆ ಗಂಟು ಹಾಕಿ. ಹೊಸ ದಾರವನ್ನು ಒಳಗಿನಿಂದ ಶುರು ಮಾಡಿ ಕೊನೆಯ ಕುಣಿಕೆಯೊಳಗಿಂದ ಹೊರತನ್ನಿ. ಜೋಡಿಸಿದ ಜಾಗ ಹುಡುಕಿದರೂ ಸಿಗುವುದಿಲ್ಲ.

ದುಂಡಿನ ಬದಲು ನಕ್ಷತ್ರ ಮಾಡುವವರಿಗೆ ಎರಡು ಮಾತು. ಹೊರಚಾಚಿದ ಮೊನೆಯಲ್ಲಿ ಒಂದೇ ತೂತಿನಿಂದ ಮೂರು ಹೊಲಿಗೆ: ಒಂದು ಎಡಕ್ಕೆ ವಾಲಿದ್ದು, ಒಂದು ನೇರ ಮೊನೆಗೆ, ಒಂದು ಬಲಕ್ಕೆ. ಒಳಮೂಲೆಯಲ್ಲಿ ಒಂದೇ ಹೊಲಿಗೆ, ಸ್ವಲ್ಪ ಗಿಡ್ಡ. ಮೊನೆಗಳನ್ನು ಹೊಲಿಯುತ್ತಿದ್ದ ಹಾಗೆ ತುಂಬಿಕೊಂಡು ಹೋಗಬೇಕು, ಆಮೇಲೆ ಅಲ್ಲಿಗೆ ಹತ್ತಿ ತಲುಪುವುದಿಲ್ಲ.

ತುಂಬುವುದು

ಅಂಚಿನಲ್ಲಿ 4 ಸೆಂ.ಮೀ. ಬಾಯಿ ಬಿಡಿ, ದಾರ ಕತ್ತರಿಸದೆ ಸೂಜಿಯನ್ನು ಪಕ್ಕಕ್ಕೆ ಚುಚ್ಚಿಡಿ. ಪಾಲಿಯೆಸ್ಟರ್ ಫೈಬರ್ ಆಗಬಹುದು, ಬೂರುಗದ ಹತ್ತಿ ಸಿಕ್ಕರೆ ಇನ್ನೂ ಹಗುರ. ಹಿಂಜಿ ಹಿಂಜಿ ಸಣ್ಣ ಚೂರುಗಳಾಗಿ ಪೆನ್ಸಿಲ್‌ನ ಮೊಂಡು ತುದಿಯಲ್ಲಿ ಒಳಗೆ ಸರಿಸಿ, ಮೊದಲು ಅಂಚಿನ ಸುತ್ತ, ಕೊನೆಗೆ ನಡುವೆ. ಒಂದೇ ಉಂಡೆ ತುರುಕಿದರೆ ನಡುವೆ ಗಡ್ಡೆಯಾಗುತ್ತದೆ. ಜಾಸ್ತಿ ತುಂಬಿದರೆ ಅಂಚು ನೆರಿಗೆಗಟ್ಟುತ್ತದೆ, ಒತ್ತಿದರೆ ಬೆರಳು ಇಳಿದು ಮತ್ತೆ ಉಬ್ಬುವಷ್ಟಿರಲಿ. ಘಮಕ್ಕೆ ಎರಡು ಲವಂಗ ಅಥವಾ ಒಂದು ಏಲಕ್ಕಿಯನ್ನು ಹತ್ತಿಯ ನಡುವೆ ಇಡಬಹುದು. ಅಕ್ಕಿ, ಕಾಳು, ಹಸಿ ಕಾಫಿ ಬೀಜ ಮಾತ್ರ ಬೇಡವೇ ಬೇಡ. ನಮ್ಮ ಥಂಡಿಗೆ ಬೂಸ್ಟು, ಹುಳು ಎರಡೂ ಗ್ಯಾರಂಟಿ. ಹುರಿದ ಬೀಜ ಎಣ್ಣೆ ಬಿಟ್ಟು ಬಟ್ಟೆ ಕಲೆಯಾಗುತ್ತದೆ.

ಬಾಯಿ ಹೊಲಿದು ಮುಗಿದಾಗ ಕೊನೆಯ ಹೊಲಿಗೆಯನ್ನು ಮೊದಲ ಹೊಲಿಗೆಯ ಕುಣಿಕೆಗೆ ಸೇರಿಸಿ, ಅಂಚಿನಲ್ಲೇ ಸಣ್ಣ ಗಂಟು ಹಾಕಿ, ಸೂಜಿಯನ್ನು ಹೊಟ್ಟೆಯೊಳಗಿಂದ ತೂರಿಸಿ ಇನ್ನೊಂದು ಕಡೆ ತಂದು ದಾರ ಎಳೆದು ಹಿಡಿದು ಕತ್ತರಿಸಿ. ತುದಿ ತಾನೇ ಒಳಗೆ ಸೇರುತ್ತದೆ.

ತೂಗುಹಾಕುವುದು, ಎತ್ತಿಡುವುದು

ಮರ ಯಾವುದಾದರೂ ನಡೆಯುತ್ತದೆ. ಕಿತ್ತ ಹಳೆ ಕಾಫಿ ಗಿಡದ ಒಣ ಬೊಡ್ಡೆ ತೋಟದ ಮೂಲೆಯಲ್ಲಿ ಬಿದ್ದಿದ್ದರೆ, ತೊಳೆದು ಒಣಗಿಸಿ ಕುಂಡದಲ್ಲಿ ಕಲ್ಲು ಹಾಕಿ ನಿಲ್ಲಿಸಿ. ಅದರ ಸೊಟ್ಟಪಟ್ಟ ಕೊಂಬೆಗಳು ಇವನ್ನು ತೂಗುಹಾಕಲು ಹೇಳಿ ಮಾಡಿಸಿದ ಹಾಗಿರುತ್ತವೆ. ಫೆಲ್ಟ್ ಹಗುರ, ಬಿದ್ದರೆ ಒಡೆಯುವುದಿಲ್ಲ. ಹಾಗಾಗಿ ಮಕ್ಕಳ ಕೈಗೆ ಸಿಗುವ ಕೆಳಗಿನ ಕೊಂಬೆಗೆ ಇವು, ಗಾಜಿನವು ಮೇಲಕ್ಕೆ. ಮೇಣದಬತ್ತಿಯ ಹತ್ತಿರ ಮಾತ್ರ ಇಡಬೇಡಿ, ಪಾಲಿಯೆಸ್ಟರ್ ಕರಗಿ ಉರಿಯುತ್ತದೆ.

ಹಬ್ಬ ಮುಗಿದ ಮೇಲೆ ಒಂದು ದಿನ ನೆರಳಲ್ಲಿ ಗಾಳಿಗೆ ಹಾಕಿ ಎತ್ತಿಡಿ. ಜನವರಿಯ ಒಣ ಹವೆಯಲ್ಲಿ ಡಬ್ಬಿಗೆ ಹಾಕಿದ್ದು ಮುಂದಿನ ಮಳೆಗಾಲ ದಾಟುತ್ತದೆ. ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿ, ಅದರೊಳಗೆ ಔಷಧಿ ಬಾಟಲಿ, ಶೂ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು, ಉಣ್ಣೆಯ ಫೆಲ್ಟ್ ಆದರೆ ನುಸಿಗಾಗಿ ಒಣ ಬೇವಿನ ಎಲೆ. ಕೊಳೆಯಾದರೆ ನೀರಲ್ಲಿ ಮುಳುಗಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒತ್ತಿ ಒರೆಸಿ, ಉಜ್ಜಬೇಡಿ. ಕೆಂಪು ದಾರ ಬಣ್ಣ ಬಿಡುತ್ತದೋ ಇಲ್ಲವೋ ಎಂದು ಹೊಲಿಯುವ ಮುಂಚೆಯೇ ಒದ್ದೆ ಬಿಳಿ ಬಟ್ಟೆಗೆ ಒತ್ತಿ ನೋಡಿಕೊಂಡಿದ್ದರೆ ಇಲ್ಲಿ ಧೈರ್ಯವಾಗಿ ಒರೆಸಬಹುದು.